ಎರಡು ದಿನಗಳ ಏರ್ ರೈಫಲ್ ತರಬೇತಿಗೆ ಹೋಗುವವರಿಗೆ

ಶನಿವಾರ, ಭಾನುವಾರಗಳಲ್ಲಿ ನಡೆಯುವ 10 ಮೀಟರ್ ಏರ್ ರೈಫಲ್ ತರಬೇತಿಗೆ ಸೇರುವವರು ಮೊದಲೇ ರೈಫಲ್ ಕೊಳ್ಳುವ ಅಗತ್ಯವಿಲ್ಲ. ಹೊಸಬರಿಗೆ ಸಾಮಾನ್ಯವಾಗಿ ರೇಂಜ್‌ನಲ್ಲಿಯೇ ಕೊಡುತ್ತಾರೆ. ಅಡಿ ಚಪ್ಪಟೆಯಾಗಿರುವ ಬೂಟು, ಪೂರ್ತಿ ತೋಳಿನ ಅಂಗಿ, ಒಂದು ನೋಟ್‌ಬುಕ್ ಸಾಕು. ಬೆಳಗಿನ ಕಾಫಿಯನ್ನು ಆ ಎರಡು ದಿನ ಬಿಡುವುದು ಒಳ್ಳೆಯದು, ಏಕೆಂದರೆ ಎದೆಬಡಿತ ಹೆಚ್ಚಿದರೆ ಅದು ನಳಿಕೆಯ ತುದಿಯಲ್ಲಿ ಕಾಣುತ್ತದೆ.

ರೈಫಲ್ ಖಾಲಿ ಇದೆಯೆಂದು ಗೊತ್ತಿದ್ದರೂ ಅದರ ಬಾಯಿ ಸದಾ ಗುರಿಯ ಕಡೆಗೇ ಇರಬೇಕು, ಗುರಿ ಹಿಡಿಯುವವರೆಗೆ ಬೆರಳು ಟ್ರಿಗರ್‌ನ ಹೊರಗೇ ಇರಬೇಕು, ‘ಸ್ಟಾಪ್’ ಎಂಬ ಆದೇಶ ಕೇಳಿದ ಕ್ಷಣದಲ್ಲಿ ಎಲ್ಲವೂ ನಿಲ್ಲಬೇಕು. ರೈಫಲ್‌ಗೆ ಹಾಕುವ ಚಿಕ್ಕ ಗುಂಡುಗಳಾದ ಪೆಲೆಟ್‌ಗಳು ಸಾಮಾನ್ಯವಾಗಿ ಸೀಸದವು; ಊಟಕ್ಕೆ ಮೊದಲು ಸೋಪು ಹಚ್ಚಿ ಕೈ ತೊಳೆಯುವುದನ್ನು ಮರೆಯಬಾರದು.

ಮೊದಲ ದಿನದ ಬಹುಪಾಲು ಸಮಯ ನಿಲುವಿಗೆ ಹೋಗುತ್ತದೆ, ಹೋಗಲೂಬೇಕು. ಬಲಗೈಯವರು ಎಡಪಕ್ಕವನ್ನು ಗುರಿಗೆ ತಿರುಗಿಸಿ ನಿಂತು, ಎಡ ಮೊಣಕೈಯನ್ನು ಸೊಂಟದ ಮೂಳೆಗೆ ಆನಿಸಿದಾಗ, ರೈಫಲ್‌ನ ಭಾರವನ್ನು ತೋಳಿನ ಸ್ನಾಯುಗಳ ಬದಲು ಮೂಳೆಗಳು ಹೊರುತ್ತವೆ. ಹೀಗೆ ನಿಂತು ಕಣ್ಣು ಮುಚ್ಚಿ, ಎರಡು ಬಾರಿ ಉಸಿರಾಡಿ ಕಣ್ಣು ತೆರೆಯಿರಿ. ಗುರಿ ಪಕ್ಕಕ್ಕೆ ಸರಿದಿದ್ದರೆ ಕೈಯಿಂದ ಎಳೆದು ಸರಿಪಡಿಸದೆ ಪಾದಗಳನ್ನೇ ಸ್ವಲ್ಪ ಕದಲಿಸಬೇಕು. ಕೈಯಿಂದ ಎಳೆದು ತಂದ ಗುರಿ ಟ್ರಿಗರ್ ಒತ್ತುವ ಹೊತ್ತಿಗೆ ಮತ್ತೆ ತನ್ನ ಜಾಗಕ್ಕೇ ಹಿಂತಿರುಗುತ್ತದೆ. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದಂದು ತೆಂಗಿನಕಾಯಿಗೆ ಗುಂಡು ಹೊಡೆದು ಪಳಗಿದವರೂ ಈ ನಿಲುವನ್ನು, ರಂಧ್ರದ ಮೂಲಕ ನೋಡಿ ಗುರಿ ಹಿಡಿಯುವ ಸೈಟನ್ನು ಹೊಸದಾಗಿಯೇ ಕಲಿಯಬೇಕಾಗುತ್ತದೆ.

ಉಸಿರನ್ನು ಅರ್ಧ ಬಿಟ್ಟು, ಅದು ಸಹಜವಾಗಿ ನಿಂತ ಆ ಕೆಲವು ಸೆಕೆಂಡುಗಳಲ್ಲಿ ಟ್ರಿಗರನ್ನು ನೇರ ಹಿಂದಕ್ಕೆ, ಮೆಲ್ಲಗೆ ಒತ್ತಬೇಕು. ಸಮಯ ಮೀರಿದರೆ ರೈಫಲ್ ಇಳಿಸಿ ಮತ್ತೆ ಆರಂಭಿಸಬೇಕು. ಹೊಸಬರಿಗೆ ಅತಿ ಕಷ್ಟವಾಗುವುದು ಈ ಇಳಿಸುವಿಕೆಯೇ. ಪೆಲೆಟ್ ಹಾಕದೆ ಮಾಡುವ ಡ್ರೈ ಫೈರಿಂಗ್ ಅಭ್ಯಾಸ ನನ್ನ ಮಟ್ಟಿಗೆ ಇಡೀ ತರಬೇತಿಯ ಅತ್ಯಂತ ಬೆಲೆಯುಳ್ಳ ಭಾಗ. ಆದರೆ ಸ್ಪ್ರಿಂಗ್‌ನ ಬಲದಿಂದ ಗಾಳಿಯನ್ನು ಒತ್ತುವ ಸ್ಪ್ರಿಂಗ್ ರೈಫಲ್‌ನಲ್ಲಿ ಹಾಗೆ ಮಾಡಿದರೆ ಪಿಸ್ಟನ್‌ಗೆ ಪೆಟ್ಟು ಬೀಳುವುದರಿಂದ ತರಬೇತುದಾರರನ್ನು ಕೇಳಿಯೇ ಮಾಡಬೇಕು.

ಅಂಕಗಳ ಚಿಂತೆ ಈ ಎರಡು ದಿನ ಬೇಡ. ಗುರಿಹಲಗೆಯ ನಡುವಿನ, ಹತ್ತು ಅಂಕದ ಚುಕ್ಕೆಯ ವ್ಯಾಸ ಕೇವಲ 0.5 ಮಿಲಿಮೀಟರ್; 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಕೊನೆಯ ಹೊಡೆತದಲ್ಲಿ 10.8 ಗಳಿಸಿ ಚಿನ್ನ ಗೆದ್ದದ್ದು ವರ್ಷಗಳ ಅಭ್ಯಾಸದಿಂದ. ಹೊಸಬರು ನೋಡಬೇಕಾದದ್ದು ಐದು ಹೊಡೆತಗಳು ಎಷ್ಟು ಹತ್ತಿರ ಹತ್ತಿರ ಬಿದ್ದಿವೆ ಎಂಬುದನ್ನು. ಅವು ಒಟ್ಟಾಗಿ ಎಡಕ್ಕೆ ಬಿದ್ದಿದ್ದರೆ ಸೈಟ್‌ನ ತಿರುಪು ಸರಿಪಡಿಸುತ್ತದೆ. ಚದುರಿದ್ದರೆ ನಿಲುವನ್ನೋ ಟ್ರಿಗರ್ ಒತ್ತುವ ಬಗೆಯನ್ನೋ ತಿದ್ದಿಕೊಳ್ಳಬೇಕು.

ಭಾನುವಾರ ಪ್ರತಿ ಹೊಡೆತದ ನಂತರ, ಫಲಿತಾಂಶ ನೋಡುವ ಮೊದಲೇ, ಅದು ಎಲ್ಲಿ ಬಿದ್ದಿರಬಹುದೆಂದು ನೋಟ್‌ಬುಕ್‌ನಲ್ಲಿ ಗುರುತು ಹಾಕಿ, ಬಳಿಕ ಹೋಲಿಸಿ. ಮನೆಗೆ ಹೊರಡುವ ಮೊದಲು ಆ ಪುಟವನ್ನು ತರಬೇತುದಾರರಿಗೆ ತೋರಿಸಿದರೆ, ಮುಂದೆ ಯಾವುದನ್ನು ಅಭ್ಯಾಸ ಮಾಡಬೇಕೆಂದು ಅವರು ನಿಖರವಾಗಿ ಹೇಳಬಲ್ಲರು.