ರದ್ದಾದ ಆಟವನ್ನು ಅಳಿಸಬೇಡಿ: ಕ್ಲಬ್ ಕ್ಯಾಲೆಂಡರ್ ನಡೆಸಿದ ನನ್ನ ಅನುಭವ

ನಮ್ಮದು ವಾಲಿಬಾಲ್ ಕ್ಲಬ್. ಮಕ್ಕಳು, ದೊಡ್ಡವರು ಸೇರಿ ಸುಮಾರು 80 ಜನ. ಎರಡು ಅಂಕಣ, ನಾಲ್ಕು ಗುಂಪು, ಇಬ್ಬರು ಕೋಚ್. ಎಲ್ಲರೂ ತಮ್ಮ ಕೆಲಸ ಮುಗಿಸಿ ಬಿಡುವಿನಲ್ಲಿ ಬರುವವರು, ಸಂಬಳಕ್ಕೆ ಯಾರೂ ಇಲ್ಲ. ಮೂರು ವರ್ಷದಿಂದ ಕ್ಲಬ್ಬಿನ ವೇಳಾಪಟ್ಟಿ ನೋಡಿಕೊಳ್ಳುತ್ತಿರುವುದು ನಾನು.

ಅದಕ್ಕೂ ಮೊದಲು ಎಲ್ಲ ವಿಷಯವೂ ವಾಟ್ಸಾಪ್ ಗುಂಪಿನಲ್ಲೇ ಓಡುತ್ತಿತ್ತು. ಕೋಚ್ ಬೆಳಿಗ್ಗೆ ಹಾಕಿದ ಸಮಯ ಸಂಜೆಯ ಹೊತ್ತಿಗೆ ಫೋಟೋ, ಶುಭಾಶಯಗಳ ಕೆಳಗೆ ಹೂತುಹೋಗಿರುತ್ತಿತ್ತು. 'ನಾಳೆ ಎಷ್ಟು ಗಂಟೆಗೆ?' ಅಂತ ದಿನಕ್ಕೆ ನಾಲ್ಕೈದು ಜನ ಕೇಳುತ್ತಿದ್ದರು. ಒಬ್ಬರು ಆರು ಅಂದರೆ ಇನ್ನೊಬ್ಬರು ಆರೂವರೆ ಅನ್ನುತ್ತಿದ್ದರು. ಒಂದೇ ಅಂಕಣಕ್ಕೆ ಎರಡು ಗುಂಪು ಬಂದು ನಿಂತದ್ದೂ ಉಂಟು. ಆಗ ಗೂಗಲ್ ಕ್ಯಾಲೆಂಡರ್ ಶುರು ಮಾಡಿದೆವು. 2006ರಿಂದಲೂ ಇರುವ ಸೇವೆ, ಖರ್ಚಿಲ್ಲ, ಬಹಳ ಜನರ ಫೋನಿನಲ್ಲಿ ಆಗಲೇ ಕೂತಿತ್ತು.

ಮೊದಲ ತಪ್ಪು ನಾನೇ ಮಾಡಿದೆ. ಕ್ಯಾಲೆಂಡರನ್ನು ನನ್ನ ಸ್ವಂತ ಖಾತೆಯಲ್ಲೇ ಮಾಡಿಬಿಟ್ಟೆ. ಆರು ತಿಂಗಳಾದ ಮೇಲೆ ಯೋಚನೆ ಬಂತು: ನಾಳೆ ನಾನು ಕ್ಲಬ್ ಬಿಟ್ಟರೆ, ಫೋನ್ ಕಳೆದುಕೊಂಡರೆ ಏನು ಗತಿ? ಕ್ಲಬ್ಬಿಗೇ ಒಂದು ಹೊಸ ಖಾತೆ ತೆರೆದು, ಎಲ್ಲವನ್ನೂ ಮತ್ತೆ ಅಲ್ಲಿ ಕಟ್ಟಿದೆ. ಈಗ ಅದರ ಪಾಸ್‌ವರ್ಡ್ ಇಬ್ಬರ ಹತ್ತಿರ ಇದೆ. ನೀವು ಶುರು ಮಾಡುವುದಾದರೆ ಇದನ್ನೇ ಮೊದಲು ಮಾಡಿಕೊಳ್ಳಿ, ಎರಡು ಸಲ ದುಡಿಯುವುದು ತಪ್ಪುತ್ತದೆ. ಇನ್ನೊಂದು ವಿಷಯ. ಆಗ ಹೊಸ ಕ್ಯಾಲೆಂಡರ್ ಮಾಡಲು ಕಂಪ್ಯೂಟರಿನ ಬ್ರೌಸರ್ ಬೇಕಿತ್ತು, ಫೋನಿನ ಆ್ಯಪ್‌ನಲ್ಲಿ ಆ ಸೌಲಭ್ಯ ಹುಡುಕಿ ನಾನು ಒಂದು ಸಂಜೆ ಕಳೆದೆ.

ಹುರುಪಿನಲ್ಲಿ ಏಳು ಕ್ಯಾಲೆಂಡರ್ ಮಾಡಿದ್ದೆ. ಗುಂಪಿಗೊಂದು, ಅಂಕಣಕ್ಕೊಂದು, ಪಂದ್ಯಕ್ಕೊಂದು. ಯಾರಿಗೂ ಯಾವುದು ನೋಡಬೇಕೆಂದೇ ತಿಳಿಯಲಿಲ್ಲ. ಈಗ ಮೂರೇ ಇವೆ: ಮಕ್ಕಳು, ದೊಡ್ಡವರು, ಪಂದ್ಯಗಳು. ಅಂಕಣದ ನಂಬರ್ ಹೆಸರಿನಲ್ಲೇ ಬರುತ್ತದೆ.

ಆ ಹೆಸರಿನ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ನನಗೆ ಇದೇ ಅರ್ಧ ಕೆಲಸ ಅನ್ನಿಸುತ್ತದೆ. ಮೊದಲೆಲ್ಲ ಸುಮ್ನೆ 'ಪ್ರಾಕ್ಟೀಸ್' ಅಂತ ಬರೆಯುತ್ತಿದ್ದೆ. ಫೋನಿನ ತಿಂಗಳ ನೋಟದಲ್ಲಿ ಒಂದು ಕಾರ್ಯಕ್ರಮಕ್ಕೆ ಸಿಗುವುದು ಕೆಲವೇ ಅಕ್ಷರದ ಜಾಗ. ಎಲ್ಲ ಸಾಲಿನಲ್ಲೂ 'ಪ್ರಾಕ್ಟೀಸ್' ಅಂತಲೇ ಕಂಡರೆ ಏನು ಉಪಯೋಗ? ಈಗ ಹೀಗೆ ಬರೆಯುತ್ತೇನೆ: '14 ಒಳಗೆ, ಅಂಕಣ 2'. ಅಂದರೆ 14 ವರ್ಷದೊಳಗಿನವರು, ಎರಡನೇ ಅಂಕಣ. ಅಷ್ಟೇ. ಉಳಿದದ್ದು ವಿವರಣೆಯಲ್ಲಿ: ಯಾವ ಕೋಚ್, ಚೆಂಡು ತರುವವರು ಯಾರು, ಎಷ್ಟು ಹೊತ್ತಿಗೆ ಬಂದಿರಬೇಕು. ಪಂದ್ಯವಾದರೆ ಎರಡು ಸಮಯ ಬೇಕೇ ಬೇಕು, ಸೇರುವ ಸಮಯ ಮತ್ತು ಆಟ ಶುರುವಾಗುವ ಸಮಯ. ಕಾರ್ಯಕ್ರಮದ ಸಮಯಕ್ಕೆ ನಾನು ಯಾವಾಗಲೂ ಸೇರುವ ಸಮಯವನ್ನೇ ಹಾಕುತ್ತೇನೆ. ಫೋನ್ ನೆನಪಿಸುವುದು ಅದನ್ನೇ ಅಲ್ವಾ? ಆಟದ ಸಮಯ ಹಾಕಿದರೆ ಜನ ಸರಿಯಾಗಿ ಆ ಹೊತ್ತಿಗೇ ಬರುತ್ತಾರೆ, ಮೈ ಬಿಸಿ ಮಾಡಿಕೊಳ್ಳಲೂ ಸಮಯ ಇರುವುದಿಲ್ಲ.

ಈಗ ರದ್ದಿನ ವಿಷಯ. ಒಂದು ದಿನ ರಾತ್ರಿ ಪೂರ್ತಿ ಮಳೆ. ಬೆಳಿಗ್ಗೆ ಐದಕ್ಕೆ ಎದ್ದು ನೋಡಿದರೆ ಅಂಕಣದ ತುಂಬ ನೀರು. ಆರೂವರೆಯ ಮಕ್ಕಳ ಅಭ್ಯಾಸವನ್ನು ಕ್ಯಾಲೆಂಡರಿನಿಂದ ಡಿಲೀಟ್ ಮಾಡಿ ಮಲಗಿದೆ. ಏಳು ಗಂಟೆಗೆ ಫೋನ್. ಒಬ್ಬ ಹುಡುಗಿಯ ತಂದೆ. ಮಗಳ ಜೊತೆ ಬೀಗ ಹಾಕಿದ ಗೇಟಿನ ಮುಂದೆ ನಿಂತಿದ್ದರು. 'ಸರ್, ರಾತ್ರಿ ನೋಡಿದಾಗ ಇತ್ತಲ್ಲ. ಈಗ ನೋಡಿದರೆ ಏನೂ ಇಲ್ಲ. ನಾನೇ ದಿನ ತಪ್ಪಾಗಿ ನೋಡಿದೆನೇನೋ ಅಂದುಕೊಂಡೆ.' ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ತಮ್ಮದೇ ತಪ್ಪು ಎಂಬಂತೆ ಮಾತಾಡಿದರು. ನನಗೆ ಅದು ಇನ್ನೂ ಜಾಸ್ತಿ ನೋವು ಕೊಟ್ಟಿತು.

ಅವತ್ತು ಅರ್ಥವಾಯಿತು. ಅಳಿಸಿದ ಕಾರ್ಯಕ್ರಮ ನೋಡುವವರಿಗೆ ಏನನ್ನೂ ಹೇಳುವುದಿಲ್ಲ. ಅಲ್ಲಿ ಖಾಲಿ ಜಾಗ ಇದೆ, ಅಷ್ಟೇ. ರದ್ದಾಯಿತೋ, ತಾವು ಬೇರೆ ವಾರ ನೋಡುತ್ತಿದ್ದಾರೋ, ಫೋನ್ ಕೈಕೊಟ್ಟಿತೋ, ಹೇಗೆ ಗೊತ್ತಾಗಬೇಕು? ಅಂದಿನಿಂದ ಏನನ್ನೂ ಅಳಿಸಿಲ್ಲ. ಹೆಸರಿನ ಮುಂದೆ 'ರದ್ದು' ಅಂತ ಸೇರಿಸುತ್ತೇನೆ, ಬಣ್ಣ ಬದಲಿಸುತ್ತೇನೆ, ವಿವರಣೆಯಲ್ಲಿ ಕಾರಣ ಮತ್ತು ಬದಲಿ ದಿನ ಬರೆಯುತ್ತೇನೆ. 'ರದ್ದು: 14 ಒಳಗೆ, ಅಂಕಣ 2'. ಮೊದಲ ಪದವೇ ವಿಷಯ ಹೇಳಿಬಿಡುತ್ತದೆ. ಇಷ್ಟು ಮಾಡಿ ಸುಮ್ಮನೆ ಕೂರುವುದಿಲ್ಲ. 24 ಗಂಟೆಯ ಒಳಗಿನ ಬದಲಾವಣೆಯಾದರೆ ಗುಂಪಿಗೆ ಸಂದೇಶವೂ ಹೋಗಬೇಕು, ಮಕ್ಕಳ ಅಭ್ಯಾಸವಾದರೆ ಹೆತ್ತವರಿಗೆ ಫೋನೂ ಹೋಗಬೇಕು.

ಈ 24 ಗಂಟೆಯ ನಿಯಮಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮಲ್ಲಿ ಕೆಲವರು ಗೂಗಲ್ ಬಳಸುವುದಿಲ್ಲ. ಅವರಿಗೆ ಐಕ್ಯಾಲ್ ಲಿಂಕ್ ಕೊಟ್ಟಿದ್ದೇವೆ, ಅಂದರೆ ನಮ್ಮ ಕ್ಯಾಲೆಂಡರನ್ನು ಬೇರೆ ಕ್ಯಾಲೆಂಡರ್ ಆ್ಯಪ್‌ನಲ್ಲೂ ನೋಡಲು ಬಳಸುವ ವಿಳಾಸ. ಐಕ್ಯಾಲೆಂಡರ್ ಎಂಬ ಈ ಮಾದರಿ 1998ರಲ್ಲೇ ಬಂದದ್ದು, ಹೆಚ್ಚುಕಡಿಮೆ ಎಲ್ಲ ಕ್ಯಾಲೆಂಡರ್‌ಗಳಿಗೂ ಅದು ಗೊತ್ತು. ಆದರೆ ಹೀಗೆ ಲಿಂಕ್ ಮೂಲಕ ಸೇರಿಸಿಕೊಂಡ ಕ್ಯಾಲೆಂಡರ್ ಆಗಾಗ ಮಾತ್ರ ಹೊಸದನ್ನು ತಂದುಕೊಳ್ಳುತ್ತದೆ. ಬದಲಾವಣೆ ಕಾಣಲು ಕೆಲವು ಗಂಟೆ ಬೇಕು, ಕೆಲವೊಮ್ಮೆ ಒಂದು ದಿನವೇ ಹಿಡಿಯಬಹುದು. ಮುಂದಿನ ವಾರದ ಪಂದ್ಯಕ್ಕೆ ಅದು ಸಾಕು. ಇವತ್ತು ಬೆಳಿಗ್ಗಿನ ಮಳೆಗೆ ಸಾಲದು.

ವಾರವಾರ ಮರಳುವ ಅಭ್ಯಾಸಗಳಲ್ಲಿ ಇನ್ನೊಂದು ಅಪಾಯ ಇದೆ. ಒಂದು ವಾರದ ಸಮಯ ಬದಲಿಸಿದಾಗ ಕ್ಯಾಲೆಂಡರ್ ಮೂರು ಆಯ್ಕೆ ಕೊಡುತ್ತದೆ: ಇದೊಂದೇ, ಇದು ಮತ್ತು ಮುಂದಿನವು, ಎಲ್ಲವೂ. ನಮ್ಮ ಕೋಚ್ ಒಬ್ಬರು ಅವಸರದಲ್ಲಿ 'ಎಲ್ಲವೂ' ಒತ್ತಿದರು. ಇಡೀ ಋತುವಿನ ಬುಧವಾರಗಳು ಗುರುವಾರಕ್ಕೆ ಹೋಗಿ ಕೂತವು, ಮುಗಿದುಹೋದವು ಕೂಡ. ಯಾರು ಯಾವತ್ತು ಬಂದಿದ್ದರು ಎಂಬ ಹಾಜರಿ ಟಿಪ್ಪಣಿಗೂ ದಿನಾಂಕಕ್ಕೂ ತಾಳೆಯೇ ಇಲ್ಲ. ಸರಿಪಡಿಸಲು ಎರಡು ಗಂಟೆ ಹಿಡಿಯಿತು.

ಆಮೇಲೆ ಬರೆಯುವ ಅಧಿಕಾರವನ್ನು ಮೂವರಿಗೆ ಇಳಿಸಿದೆವು: ನಾನು, ಇಬ್ಬರು ಕೋಚ್. ಉಳಿದವರು ವಿವರ ನೋಡಬಹುದು, ಬದಲಿಸುವಂತಿಲ್ಲ. ಕೆಲವರಿಗೆ ಬೇಸರವಾಯಿತು. ನಮ್ಮ ಮೇಲೆ ನಂಬಿಕೆ ಇಲ್ವಾ ಅಂತ ಕೇಳಿದರು. ನಾನು ಹೇಳಿದ್ದು ಇಷ್ಟು: ಹತ್ತು ಜನ ಬರೆದರೆ ಯಾರು ಬರೆದದ್ದು ಸರಿ ಅಂತ ಮತ್ತೆ ಗುಂಪಿನಲ್ಲಿ ಕೇಳಬೇಕಾಗುತ್ತದೆ. ಹಾಗಾದರೆ ಕ್ಯಾಲೆಂಡರ್ ಯಾಕೆ ಬೇಕು?

ಮಕ್ಕಳ ವಿಷಯದಲ್ಲಿ ನಾನು ತುಂಬ ಕಟ್ಟುನಿಟ್ಟು. ಕ್ಯಾಲೆಂಡರನ್ನು 'ಎಲ್ಲರಿಗೂ ತೆರೆದದ್ದು' ಮಾಡಿದರೆ ಹಂಚುವುದು ಸುಲಭ, ನಿಜ. ಆದರೆ ಯಾವ ಮಗು ಯಾವ ಹೊತ್ತಿಗೆ ಎಲ್ಲಿರುತ್ತದೆ ಎಂಬುದು ಲೋಕಕ್ಕೆಲ್ಲ ಕಾಣಬಾರದು. ಮಕ್ಕಳ ಕ್ಯಾಲೆಂಡರ್ ಹೆತ್ತವರ ಇಮೇಲ್‌ಗಳಿಗೆ ಮಾತ್ರ ಹಂಚಿದ್ದೇವೆ. ಐಕ್ಯಾಲ್ ಲಿಂಕ್ ದೊಡ್ಡವರಿಗೆ ಮತ್ತು ಪಂದ್ಯಗಳಿಗೆ ಮಾತ್ರ, ಏಕೆಂದರೆ ಲಿಂಕ್ ಇದ್ದವರೆಲ್ಲ ಅದನ್ನು ನೋಡಬಹುದು. ಮಗುವಿನ ಹೆಸರು, ಫೋನ್ ನಂಬರ್ ಯಾವ ಕ್ಯಾಲೆಂಡರಿನಲ್ಲೂ ಇಲ್ಲ. ಯಾರಾದರೂ ಕ್ಲಬ್ ಬಿಟ್ಟರೆ ಅದೇ ವಾರ ಅವರ ಇಮೇಲ್ ತೆಗೆಯುತ್ತೇನೆ.

ಬೀಗದ ಕೈಯ ಸಮಸ್ಯೆಯನ್ನೂ ಇದರಲ್ಲೇ ಬಗೆಹರಿಸಿದೆವು. ಗೇಟು ತೆಗೆಯುವ ಸರದಿ ಇರುವವರನ್ನು ಆ ದಿನದ ಅಭ್ಯಾಸಕ್ಕೆ ಅತಿಥಿಯಾಗಿ ಸೇರಿಸುತ್ತೇನೆ. ಅವರಿಗೆ ಆಹ್ವಾನ ಹೋಗುತ್ತದೆ, ಬರುತ್ತೇನೆ ಅಥವಾ ಆಗುವುದಿಲ್ಲ ಅಂತ ಒತ್ತುತ್ತಾರೆ. ಉತ್ತರ ಬರದಿದ್ದರೆ ಹಿಂದಿನ ಸಂಜೆ ನಾನು ಫೋನ್ ಮಾಡುತ್ತೇನೆ. ಎಲ್ಲ 80 ಜನರನ್ನೂ ಹೀಗೆ ಅತಿಥಿ ಮಾಡಲು ಹೋಗಬೇಡಿ. ಸಣ್ಣ ಬದಲಾವಣೆಗೂ ಇಮೇಲ್ ಹೋಗುತ್ತಾ ಇದ್ದರೆ ಜನ ಓದುವುದನ್ನೇ ಬಿಡುತ್ತಾರೆ.

ಎಲ್ಲಕ್ಕಿಂತ ಜಾಸ್ತಿ ಸಮಯ ಹಿಡಿದದ್ದು ಫೋನುಗಳಿಗೆ. ನನ್ನ ಕಡೆ ನಾನು ಹಾಕಿಕೊಂಡ ನೆನಪಿನ ಗಂಟೆ ನನಗೆ ಮಾತ್ರ ಬಾರಿಸುತ್ತದೆ, ಹಂಚಿಕೊಂಡವರಿಗೆ ತಾನಾಗಿ ಬರುವುದಿಲ್ಲ. ಪ್ರತಿಯೊಬ್ಬರೂ ತಮ್ಮ ಫೋನಿನಲ್ಲಿ ಹಾಕಿಕೊಳ್ಳಬೇಕು. ಕೆಲವು ಫೋನುಗಳಲ್ಲಿ ಹಂಚಿದ ಕ್ಯಾಲೆಂಡರಿನ ಸಿಂಕ್ (ಹೊಸ ವಿವರ ತಾನಾಗಿ ಫೋನಿಗೆ ಬರುವ ವ್ಯವಸ್ಥೆ) ಕೂಡ ಆಫ್ ಇರುತ್ತದೆ, ಏನೂ ಕಾಣುವುದೇ ಇಲ್ಲ. ಸೂಚನೆ ಬರೆದು ಕಳಿಸಿದೆ, ಪ್ರಯೋಜನ ಆಗಲಿಲ್ಲ. ಕೊನೆಗೆ ಎರಡು ಶನಿವಾರ ಆಟ ಮುಗಿದ ಮೇಲೆ ಅಂಕಣದ ಪಕ್ಕದ ಬೆಂಚಿನಲ್ಲಿ ಕೂತೆ. ಒಬ್ಬೊಬ್ಬರ ಫೋನನ್ನೂ ಜೊತೆಯಲ್ಲೇ ನೋಡಿ, ಸಿಂಕ್ ಹಾಕಿಸಿ, ಎರಡು ಗಂಟೆ ಮೊದಲು ನೆನಪಿಸುವಂತೆ ಮಾಡಿಸಿದೆ. ಒಬ್ಬರಿಗೆ ಐದು ನಿಮಿಷ. ನಮ್ಮ ತಂಡದ ಅತಿ ಹಿರಿಯ ಆಟಗಾರರೊಬ್ಬರು ಕನ್ನಡಕ ಮೇಲೆತ್ತಿಕೊಂಡು, ನಾನೇ ಒತ್ತುತ್ತೇನೆ, ನೀವು ಬರೀ ಹೇಳಿ ಅಂದರು. ಮುಂದಿನ ಶನಿವಾರ ಬೇರೆಯವರ ಫೋನಿಗೆ ಹಾಕಿಕೊಡಲು ನನ್ನ ಪಕ್ಕ ಅವರೂ ಕೂತಿದ್ದರು.