ಕೆಳದವಡೆಯ ಬುದ್ಧಿಹಲ್ಲು: ಮರಗಟ್ಟಿಸಿ ತೆಗೆಯುವ ನನ್ನ ಕ್ರಮ

ಬುದ್ಧಿಹಲ್ಲು ತೆಗೆಸಲು ಬರುವವರಲ್ಲಿ ತುಂಬ ಜನ ಬೆಳಗಿನಿಂದ ಏನೂ ತಿನ್ನದೆ ಬರುತ್ತಾರೆ. ಆಪರೇಷನ್ ಅಂದಮೇಲೆ ಹೊಟ್ಟೆ ಖಾಲಿ ಇರಬೇಕು ಎಂದು ಯಾರೋ ಹೇಳಿರುತ್ತಾರೆ. ಅದು ಪೂರ್ತಿ ಪ್ರಜ್ಞೆ ತಪ್ಪಿಸುವ ಅರಿವಳಿಕೆಗೆ ಇರುವ ನಿಯಮ. ನಾವು ಮರಗಟ್ಟಿಸುವುದು ಒಂದು ಕಡೆಯ ದವಡೆ, ಅರ್ಧ ತುಟಿ, ಅರ್ಧ ನಾಲಿಗೆ, ಅಷ್ಟೇ. ಹಸಿದ ಹೊಟ್ಟೆ, ನಿದ್ದೆಗೆಟ್ಟ ಕಣ್ಣು, ಸೂಜಿಯ ಭಯ ಮೂರೂ ಸೇರಿದರೆ ಕುರ್ಚಿಯಲ್ಲೇ ಬೆವರಿ ಕಣ್ಣು ಕತ್ತಲೆ ಬರುತ್ತದೆ. ಕುರ್ಚಿಯನ್ನು ಪೂರ್ತಿ ಮಲಗಿಸಿ ಕಾಲು ಮೇಲೆತ್ತಿದರೆ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಸರಿಹೋಗುತ್ತದೆ. ಆದರೂ ಅದು ಆಗದಂತೆ ನೋಡಿಕೊಳ್ಳುವುದು ಮೇಲು. ದಿನ ಗೊತ್ತುಮಾಡುವಾಗಲೇ ಹೇಳುತ್ತೇನೆ: ಒಂದೂವರೆ ಗಂಟೆ ಮೊದಲು ಹೊಟ್ಟೆ ತುಂಬ ಊಟ ಮಾಡಿ, ಬಿಪಿ, ಶುಗರ್ ಮಾತ್ರೆ ಎಂದಿನಂತೆ ನುಂಗಿ, ಚೆನ್ನಾಗಿ ಹಲ್ಲುಜ್ಜಿ ಬನ್ನಿ, ಜೊತೆಗೊಬ್ಬರನ್ನು ಕರೆತನ್ನಿ.

ಪಾವಗಡ, ಮಧುಗಿರಿ, ಶಿರಾ ಕಡೆಯವರಿಗೆ ಬೆಳಗಿನ ಹೊತ್ತೇ ಕೊಡುತ್ತೇನೆ. ಪಾವಗಡ ತುಮಕೂರಿನಿಂದ ನೂರು ಕಿಲೋಮೀಟರಿನಷ್ಟು ದೂರ. ಸಂಜೆ ಹಲ್ಲು ತೆಗೆಸಿಕೊಂಡು ಹೊರಟವರಿಗೆ ದಾರಿಯಲ್ಲಿ ರಕ್ತ ಒಸರಿದರೆ ಬಸ್ಸಿನಲ್ಲಿ ಯಾರು ನೋಡುತ್ತಾರೆ? ಬೆಳಿಗ್ಗೆಯಾದರೆ ಒಂದು ಗಂಟೆ ಇಲ್ಲೇ ಕೂರಿಸಿ, ಗಾಯದ ಮೇಲಿಟ್ಟ ಗಾಜ್ ಬಟ್ಟೆ ತೆಗೆದು ನೋಡಿ, ರಕ್ತ ನಿಂತ ಮೇಲೆ ಕಳಿಸಬಹುದು.

ಕೆನ್ನೆ ಊದಿಕೊಂಡು ಬಂದವರ ಹಲ್ಲನ್ನು ಸಾಮಾನ್ಯವಾಗಿ ಅದೇ ದಿನ ಮುಟ್ಟುವುದಿಲ್ಲ. ಅರ್ಧ ಹುಟ್ಟಿದ ಹಲ್ಲಿನ ಮೇಲೆ ವಸಡಿನ ಮಡಿಕೆಯೊಂದು ಕುಲಾವಿಯಂತೆ ಕೂತಿರುತ್ತದೆ. ಅದರಡಿ ಅನ್ನದ ಅಗುಳು ಸೇರಿ ಕೊಳೆತು ಕೀವಾಗುತ್ತದೆ. ಮೇಲಿನ ಬುದ್ಧಿಹಲ್ಲು ಆ ಊದಿದ ವಸಡನ್ನೇ ಕಚ್ಚುತ್ತಿದ್ದರೆ ಯಾತನೆ ಇಮ್ಮಡಿ. ಮೊದಲ ದಿನದ ಕೆಲಸ ಮೊಂಡು ಸೂಜಿಯ ಸಿರಿಂಜಿನಲ್ಲಿ ಬೆಚ್ಚಗಿನ ಸಲೈನ್ ತುಂಬಿ ಆ ಮಡಿಕೆಯಡಿ ತೊಳೆಯುವುದು. ಜ್ವರ, ಬಾಯಿ ಬಿಗಿತ, ಹರಡುತ್ತಿರುವ ಊತ ಇದ್ದರಷ್ಟೇ ಆಂಟಿಬಯಾಟಿಕ್. ಸಾಮಾನ್ಯವಾಗಿ ಮೆಟ್ರೊನಿಡಜೋಲ್ 400 ಮಿಲಿಗ್ರಾಂ, ದಿನಕ್ಕೆ ಮೂರು ಸಲ, ಮೂರರಿಂದ ಐದು ದಿನ. ಆ ಮಾತ್ರೆ ನಡೆಯುವಷ್ಟು ದಿನ, ಮುಗಿದ ಮೇಲೆ ಇನ್ನೆರಡು ದಿನ ಮದ್ಯ ಮುಟ್ಟಕೂಡದು ಎಂದು ಬಿಡಿಸಿ ಹೇಳಬೇಕು. ಊತ ಇಳಿದ ಮೇಲೆ ಹಲ್ಲು.

ಹೀಗೆ ಊತ ಇಳಿಯುವವರೆಗೆ ಕಾಯುವುದಕ್ಕೆ ಕಾರಣವಿದೆ. ಕೀವು ತುಂಬಿದ ಜಾಗ ಆಮ್ಲೀಯವಾಗಿರುತ್ತದೆ. ಮರಗಟ್ಟಿಸುವ ಔಷಧ ನರದ ಪೊರೆಯನ್ನು ದಾಟಿ ಒಳಹೋಗಲು ಬೇಕಾದ ರೂಪ ಆಮ್ಲದಲ್ಲಿ ಕಡಿಮೆಯಾಗಿಬಿಡುತ್ತದೆ. ಎಷ್ಟು ಚುಚ್ಚಿದರೂ ಅರೆಬರೆ ಮರಗಟ್ಟುತ್ತದೆ. "ನನಗೆ ಇಂಜೆಕ್ಷನ್ ಹತ್ತಲ್ಲ ಡಾಕ್ಟ್ರೇ" ಎನ್ನುವವರಲ್ಲಿ ಹಲವರ ಕಥೆ ಇದೇ: ಕೀವಿದ್ದಾಗಲೇ ಯಾರೋ ಅವಸರ ಮಾಡಿರುತ್ತಾರೆ.

ನೋವಿಗೆ ಎಕ್ಕದ ಹಾಲು ಹಚ್ಚಿಕೊಂಡು ಬರುವವರು ಈಗಲೂ ಇದ್ದಾರೆ. ದಯವಿಟ್ಟು ಬೇಡ. ಅದು ವಸಡನ್ನೂ ಕೆನ್ನೆಯ ಒಳಪದರವನ್ನೂ ಸುಟ್ಟು ಬೆಳ್ಳಗೆ ಸುಲಿಯುವಂತೆ ಮಾಡುತ್ತದೆ. ಹಲ್ಲಿನ ಕೀವಿಗೆ ಕೆನ್ನೆಯ ಹೊರಗಿನಿಂದ ಬಿಸಿ ಉಪ್ಪಿನ ಶಾಖ ಕೊಡುವುದೂ ಒಳ್ಳೆಯದಲ್ಲ. ಕೀವು ಚರ್ಮದ ಕಡೆಗೆ ಹೊರಳಿ ಕೆನ್ನೆಯಲ್ಲೇ ಬಾಯಿ ಮಾಡಬಹುದು.

ಕೇಳಿ ತಿಳಿಯಬೇಕಾದ್ದು ಕೆಲವಿದೆ. ಬಿಪಿ 180/110 ದಾಟಿದ್ದರೆ ಮುಂದೂಡುತ್ತೇನೆ. ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುವವರು ತಾವಾಗಿಯೇ ನಿಲ್ಲಿಸಿ ಬರಬಾರದು. ವಸಡಿನ ರಕ್ತವನ್ನು ಹೊಲಿಗೆ, ಒತ್ತಡದಿಂದ ನಿಲ್ಲಿಸಬಹುದು, ಹೃದಯದಲ್ಲಿ ಹೆಪ್ಪುಗಟ್ಟಿದರೆ ಅದು ಬೇರೆಯೇ ಅಪಾಯ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರ ಐಎನ್‌ಆರ್, ಅಂದರೆ ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂಬ ಪರೀಕ್ಷೆ, ಮೊದಲೇ ನೋಡಬೇಕು. ಮೂಳೆ ಸವೆತಕ್ಕೆ ವಾರದ ಮಾತ್ರೆ ಅಥವಾ ವರ್ಷದ ಇಂಜೆಕ್ಷನ್ ತೆಗೆದುಕೊಳ್ಳುವ ಅಮ್ಮಂದಿರು ಅದನ್ನು ಹೇಳಲು ಮರೆಯುತ್ತಾರೆ. ದವಡೆಯ ಮೂಳೆ ವಾಸಿಯಾಗದೆ ಉಳಿಯುವ ಅಪಾಯ ಆ ಔಷಧಗಳಿಗಿದೆ, ಆದ್ದರಿಂದ ನಾನೇ ಕೆದಕಿ ಕೇಳುತ್ತೇನೆ.

ಎಕ್ಸ್‌ರೇ ಇಲ್ಲದೆ ಕೆಳಗಿನ ಬುದ್ಧಿಹಲ್ಲಿಗೆ ಕೈ ಹಾಕಬಾರದು. ಎರಡೂ ದವಡೆ ಒಟ್ಟಿಗೆ ಕಾಣುವ ಒಪಿಜಿ ನನಗೆ ಇಷ್ಟ. ಮೊದಲು ನೋಡುವುದು ಹಲ್ಲು ಯಾವ ಕಡೆಗೆ ವಾಲಿದೆ ಎಂದು. ಹೆಚ್ಚಾಗಿ ಸಿಗುವುದು ಮುಂದಿನ ಹಲ್ಲಿನ ಕಡೆಗೆ ವಾಲಿದ್ದು. ಹಿಂದಕ್ಕೆ ವಾಲಿದ್ದು ನೋಡಲು ಸಲೀಸು, ತೆಗೆಯಲು ಎಲ್ಲಕ್ಕಿಂತ ಕಷ್ಟ, ಏಕೆಂದರೆ ಅದು ಹೊರಬರುವ ದಾರಿಯಲ್ಲೇ ದವಡೆಯ ಏರುಮೂಳೆ ನಿಂತಿರುತ್ತದೆ. ಆಮೇಲೆ ನರದ ಕಾಲುವೆ: ದವಡೆಯೊಳಗೆ ಎರಡು ಬಿಳಿ ಗೆರೆಗಳ ನಡುವೆ ಸಾಗುವ ದಾರಿ. ಬೇರು ಅದನ್ನು ದಾಟುವಲ್ಲಿ ಬಿಳಿ ಗೆರೆ ಅಳಿಸಿದ್ದರೆ, ಬೇರು ಕಪ್ಪಾಗಿ ಕಂಡರೆ, ಕಾಲುವೆ ಬಾಗಿದ್ದರೆ ನರ ಬೇರಿಗೆ ತಾಗಿರಬಹುದು. ಆಗ ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಮಾಡಿಸದೆ ಮುಂದುವರಿಯುವುದಿಲ್ಲ. ಪೂರ್ತಿ ಮೂಳೆಯೊಳಗೆ ಹುದುಗಿ, ಯಾವ ತೊಂದರೆಯನ್ನೂ ಕೊಡದ ಹಲ್ಲನ್ನು "ಹೇಗೂ ಬಂದಿದ್ದೀರಲ್ಲ" ಎಂದು ತೆಗೆಯುವುದನ್ನು ನಾನು ಒಪ್ಪುವುದಿಲ್ಲ.

ಪಾವಗಡದ ಫ್ಲೋರೈಡ್ ನೀರು ಕುಡಿದು ಬೆಳೆದವರ ಹಲ್ಲಿನಲ್ಲಿ ಕಂದು ಕಲೆ ತೀವ್ರವಾಗಿದ್ದರೆ ಎನಾಮಲ್ ಚಕ್ಕೆಚಕ್ಕೆಯಾಗಿ ಒಡೆಯುತ್ತದೆ. ಅಂಥ ಹಲ್ಲಿನ ತಲೆಯನ್ನು ಇಕ್ಕಳದಲ್ಲಿ ಹಿಡಿದು ಬಲ ಹಾಕಬಾರದು. ಗುಬ್ಬಿ, ಚಿಕ್ಕನಾಯಕನಹಳ್ಳಿ ಕಡೆಯಿಂದ ಬರುವವರಲ್ಲಿ ಇನ್ನೊಂದು ತೊಡಕು, ಅಡಿಕೆ. ವರ್ಷಗಟ್ಟಲೆ ಅಡಿಕೆ, ಗುಟ್ಕಾ ಅಗಿದವರ ಕೆನ್ನೆಯೊಳಗೆ ನಾರು ಕಟ್ಟಿ ಬಾಯಿ ಬಿಗಿದಿರುತ್ತದೆ. ತಮ್ಮದೇ ಮೂರು ಬೆರಳು ನೆಟ್ಟಗೆ ಬಾಯೊಳಗೆ ಹೋಗುತ್ತವೆಯೇ ನೋಡಿಸುತ್ತೇನೆ. ಎರಡೇ ಹೋದರೆ ಕಷ್ಟಪಟ್ಟು ಮಾಡಬಹುದು. ಒಂದೇ ಹೋದರೆ ಕ್ಲಿನಿಕ್ಕಿನಲ್ಲಿ ಬೇಡ. ಅಗಳಕೋಟೆಯ ಶ್ರೀ ಸಿದ್ಧಾರ್ಥ ದಂತ ಕಾಲೇಜಿನಂಥ ಕಡೆ ಓರಲ್ ಸರ್ಜರಿ ವಿಭಾಗದಲ್ಲಿ ತೋರಿಸುವುದು ಸರಿ.

ಇನ್ನು ಮರಗಟ್ಟಿಸುವುದು. ಔಷಧ ಶೇಕಡಾ 2ರ ಲಿಗ್ನೊಕೇನ್, ಅದರೊಳಗೆ 80,000ಕ್ಕೆ 1ರಷ್ಟು ಅಡ್ರಿನಲಿನ್. ಲಿಗ್ನೊಕೇನನ್ನು ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ತಯಾರಿಸಿದರು. ಇವತ್ತಿಗೂ ನಮ್ಮ ಕೈಗೆ ಮೊದಲು ಬರುವುದು ಅದೇ. ಅಡ್ರಿನಲಿನ್ ರಕ್ತನಾಳಗಳನ್ನು ಬಿಗಿಮಾಡಿ ಔಷಧವನ್ನು ಅಲ್ಲೇ ಹಿಡಿದಿಡುತ್ತದೆ, ರಕ್ತವೂ ಕಡಿಮೆ. ಎದೆ ಸ್ವಲ್ಪ ಹೊತ್ತು ಡವಡವ ಎನ್ನಬಹುದು, ಅದು ತಾನಾಗಿ ಇಳಿಯುತ್ತದೆ ಎಂದು ಮೊದಲೇ ಹೇಳಿದರೆ ಯಾರೂ ಗಾಬರಿಯಾಗುವುದಿಲ್ಲ. ಲಿಗ್ನೊಕೇನಿನ ಗರಿಷ್ಠ ಮಿತಿ, ಅಡ್ರಿನಲಿನ್ ಜೊತೆಗಿದ್ದಾಗ, ಕಿಲೋ ತೂಕಕ್ಕೆ 7 ಮಿಲಿಗ್ರಾಂ. ಒಂದು ಮಿಲಿಲೀಟರಿನಲ್ಲಿ 20 ಮಿಲಿಗ್ರಾಂ ಇರುವುದರಿಂದ 50 ಕಿಲೋ ತೂಕದವರಿಗೆ ಲೆಕ್ಕದಲ್ಲಿ 17.5 ಮಿಲಿಲೀಟರ್ ಬರುತ್ತದೆ. ನನಗೆ ಬೇಕಾಗುವುದು ಎರಡೂವರೆಯಿಂದ ನಾಲ್ಕು. ಹೃದಯದ ತೊಂದರೆ ಇದ್ದವರಲ್ಲಿ ಮಿತಿ ಹಾಕುವುದು ಅಡ್ರಿನಲಿನ್. ಅವರಿಗೆ ಈ ದ್ರಾವಣದಲ್ಲಿ 3 ಮಿಲಿಲೀಟರ್ ದಾಟುವುದಿಲ್ಲ.

ಕೆಳದವಡೆಯ ನರವನ್ನು ಮರಗಟ್ಟಿಸಲು ಸಿರಿಂಜನ್ನು ಎದುರುಬದಿಯ ಕಿರುದವಡೆ ಹಲ್ಲುಗಳ ಮೇಲಿನಿಂದ ತಂದು, ಕೆಳಹಲ್ಲುಗಳ ಮಟ್ಟಕ್ಕಿಂತ ಸುಮಾರು ಒಂದು ಸೆಂಟಿಮೀಟರ್ ಮೇಲೆ ಚುಚ್ಚುತ್ತೇನೆ. ಎರಡರಿಂದ ಎರಡೂವರೆ ಸೆಂಟಿಮೀಟರ್ ಒಳಹೋದಾಗ ಸೂಜಿಯ ತುದಿಗೆ ಮೂಳೆ ತಾಗಬೇಕು. ತಾಗದೆ ಇನ್ನೂ ಒಳಗೆ ಹೋಗುತ್ತಿದೆ ಎಂದರೆ ದಾರಿ ತಪ್ಪಿದೆ. ಅಲ್ಲಿ ಔಷಧ ಬಿಟ್ಟರೆ ಮುಖದ ನರ ಮರಗಟ್ಟಿ ಕೆಲವು ಗಂಟೆ ಆ ಕಡೆಯ ಕಣ್ಣು ಮುಚ್ಚಲಾಗುವುದಿಲ್ಲ. ಮೂಳೆ ತಾಗಿದ ಮೇಲೆ ಒಂದು ಮಿಲಿಮೀಟರ್ ಹಿಂದೆ ಸರಿದು, ಪಿಸ್ಟನ್ ಎಳೆದು ರಕ್ತ ಬರುತ್ತಿಲ್ಲವೆಂದು ಖಚಿತ ಮಾಡಿಕೊಂಡು, ಒಂದೂವರೆ ಮಿಲಿಲೀಟರನ್ನು ಪೂರ್ತಿ ಒಂದು ನಿಮಿಷ ಹಿಡಿದು ಬಿಡುತ್ತೇನೆ. ಬೇಗ ಬಿಟ್ಟರೆ ನೋವು ಹೆಚ್ಚು. ಸೂಜಿ ಹಿಂದೆ ಬರುವಾಗ ಅರ್ಧ ಮಿಲಿಲೀಟರ್ ನಾಲಿಗೆಯ ನರಕ್ಕೆ, ಕೊನೆಗೆ ಕೆನ್ನೆಯ ಬದಿಯ ವಸಡಿಗೆ ಇನ್ನರ್ಧ.

ಆಮೇಲೆ ಕಾಯುವುದು. ಈ ಐದರಿಂದ ಹತ್ತು ನಿಮಿಷದಲ್ಲಿ ಅವಸರ ಮಾಡಿದರೆ ಇಡೀ ಕೆಲಸ ಹಾಳು. ಮೊದಲು ತುಟಿಯ ಮೂಲೆಯಲ್ಲಿ ಜುಮುಜುಮು, ಆಮೇಲೆ ತುಟಿ ದಪ್ಪವಾಯಿತು ಎನ್ನುವ ಭಾವನೆ, ನಾಲಿಗೆಯ ಆ ಅಂಚು ತನ್ನದಲ್ಲ ಎನ್ನಿಸುವುದು. ಕನ್ನಡಿ ಕೊಟ್ಟರೆ ತುಟಿ ಹಾಗೇ ಇರುವುದನ್ನು ನೋಡಿ ಅಚ್ಚರಿಪಡುತ್ತಾರೆ. ತುಟಿ ಮರಗಟ್ಟಿದ್ದು ಗಲ್ಲದ ನಡುಗೆರೆಯವರೆಗೆ ಬಂದಿರಬೇಕು. ಚೂಪಾದ ಪ್ರೋಬನ್ನು ವಸಡಿನ ಎರಡೂ ಬದಿ ಮೂಳೆ ತಾಗುವವರೆಗೆ ಒತ್ತುತ್ತೇನೆ. ಒತ್ತಿದ್ದು ಗೊತ್ತಾಗಬಹುದು, ಚುಚ್ಚಿದ್ದು ಗೊತ್ತಾಗಬಾರದು. ಈ ವ್ಯತ್ಯಾಸವನ್ನು ಆಗಲೇ ಕಲಿಸಿಕೊಟ್ಟರೆ ಮುಂದೆ ಎಳೆತ, ಅಲುಗಾಟ, ಯಂತ್ರದ ಸದ್ದು ಯಾವುದನ್ನೂ ಅವರು ನೋವೆಂದು ತಿಳಿಯುವುದಿಲ್ಲ. ಚುಳ್ಳೆಂದರೆ ಎಡಗೈ ಎತ್ತಿ ಎಂದು ಹೇಳಿರುತ್ತೇನೆ. ಕೈ ಎತ್ತಿದರೆ ನಿಲ್ಲಿಸಲೇಬೇಕು, "ಇನ್ನೊಂದು ನಿಮಿಷ" ಎನ್ನಬಾರದು. ತುಟಿ ಮರಗಟ್ಟಿದರೂ ಹಲ್ಲು ಕತ್ತರಿಸುವಾಗ ನೋವಾದರೆ ಹಲ್ಲು-ಮೂಳೆಯ ನಡುವಿನ ಸಂದಿಗೆ 0.2 ಮಿಲಿಲೀಟರ್ ಒತ್ತಿ ಹಾಕಿದರೆ ಬಹುತೇಕ ನಿಲ್ಲುತ್ತದೆ.

ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದಂತಲ್ಲ ಎಂದು ಕೇಳದ ದಿನವಿಲ್ಲ. ನೋಟದ ನರವೇ ಬೇರೆ, ಹಲ್ಲಿನ ನರವೇ ಬೇರೆ.

15ನೇ ನಂಬರಿನ ಬ್ಲೇಡಿನಲ್ಲಿ ವಸಡು ಕೊಯ್ದು, ಮೂಳೆಯ ಪೊರೆಯೊಂದಿಗೇ ಬಿಡಿಸಿ ಕೆನ್ನೆಯ ಕಡೆಗೆ ಮಡಿಚುತ್ತೇನೆ. ನಾಲಿಗೆಯ ಬದಿಗೆ ಹೋಗುವುದಿಲ್ಲ. ನಾಲಿಗೆಯ ನರ ಅಲ್ಲಿ ವಸಡಿನಡಿಯೇ ಇರುತ್ತದೆ. ಬರ್ ಎಂಬ ಕೊರೆಯುವ ಮೊನೆಯಿಂದ ಹಲ್ಲಿನ ಹೊರಬದಿಗೆ, ಹಿಂಬದಿಗೆ ಸಣ್ಣ ಕಾಲುವೆಯಷ್ಟು ಮೂಳೆ ತೆಗೆಯುವಾಗ ಸಹಾಯಕರು ಸಲೈನ್ ಸುರಿಯುತ್ತಲೇ ಇರಬೇಕು. 47 ಡಿಗ್ರಿ ಬಿಸಿಯಲ್ಲಿ ಒಂದು ನಿಮಿಷ ಇದ್ದರೆ ಮೂಳೆಗೆ ಏಟು. ನಂತರ ಹಲ್ಲನ್ನು ಮುಕ್ಕಾಲು ಆಳಕ್ಕೆ ಮಾತ್ರ ಕೊರೆದು, ಹಲ್ಲು ಎಬ್ಬಿಸುವ ಸಲಕರಣೆಯಾದ ನೇರ ಎಲಿವೇಟರನ್ನು ಆ ಸೀಳಿನಲ್ಲಿಟ್ಟು ತಿರುಗಿಸುತ್ತೇನೆ. ಚಟ್ ಎಂದು ಎರಡಾಗುತ್ತದೆ. ಆ ಸದ್ದು ತಲೆಬುರುಡೆಯೊಳಗೆ ದೊಡ್ಡದಾಗಿ ಕೇಳಿಸುವುದರಿಂದ "ಈಗ ಚಟ್ ಅನ್ನುತ್ತೆ, ಹಲ್ಲು ಸೀಳಿದ್ದು" ಎಂದು ಮೊದಲೇ ಹೇಳುವುದು ಬಹಳ ಮುಖ್ಯ. ಇಲ್ಲದಿದ್ದರೆ ದವಡೆಯೇ ಮುರಿಯಿತೆಂದು ತಿಳಿಯುತ್ತಾರೆ. ತುಂಡುಗಳನ್ನು ಒಂದೊಂದಾಗಿ ಎತ್ತಬೇಕು. ಎಲಿವೇಟರನ್ನು ಸ್ಕ್ರೂಡ್ರೈವರಿನಂತೆ ತಿರುಗಿಸಬೇಕು, ಹಾರೆಯಂತೆ ಮೀಟಬಾರದು. ಬಲ ಬೇಕೆನಿಸಿದರೆ ಇನ್ನಷ್ಟು ಕೊರೆಯುವುದು ಬಾಕಿ ಇದೆ ಎಂದರ್ಥ.

ಗುಳಿ ತೊಳೆದು ಎರಡು ಮೂರು ಹೊಲಿಗೆ. 3-0 ಅಳತೆಯ ರೇಷ್ಮೆ ದಾರ, ಏಳನೇ ದಿನ ಬಿಚ್ಚುವುದು. ಇದು ನಮ್ಮ ಗೂಡಿನ ರೇಷ್ಮೆಯೇ, ಅಂಟು ತೆಗೆದು ಹೆಣೆದದ್ದು.

ಗಾಜ್ ಬಟ್ಟೆಯನ್ನು 45 ನಿಮಿಷ ಗಟ್ಟಿಯಾಗಿ ಕಚ್ಚಿರಬೇಕು, ಐದೈದು ನಿಮಿಷಕ್ಕೆ ತೆಗೆದು ನೋಡಬಾರದು. ಮೊದಲ 24 ಗಂಟೆ ಉಗುಳಬಾರದು, ಬಾಯಿ ಮುಕ್ಕಳಿಸಬಾರದು, ಸ್ಟ್ರಾ ಹಾಕಿ ಎಳನೀರು ಕುಡಿಯಬಾರದು, ಬೀಡಿ ಸೇದಬಾರದು. ಎಲ್ಲದರಲ್ಲೂ ಬಾಯೊಳಗೆ ಎಳೆತ ಉಂಟಾಗಿ ಗುಳಿಯ ಹೆಪ್ಪು ಕಿತ್ತು ಬರುತ್ತದೆ. ಒಂದು ತೊಟ್ಟು ರಕ್ತ ಬಾಯಿ ತುಂಬ ಜೊಲ್ಲನ್ನು ಕೆಂಪಾಗಿಸುತ್ತದೆ. ಅದನ್ನು ನೋಡಿ ಉಗುಳಿದಷ್ಟೂ ರಕ್ತ ಜಾಸ್ತಿ. ಜೊಲ್ಲು ನುಂಗಿಬಿಡಿ. ನೋವಿನ ಮೊದಲ ಮಾತ್ರೆಯನ್ನು ಜೋಮು ಇಳಿಯುವ ಮೊದಲೇ ನುಂಗಬೇಕು. ನಾನು ಕೊಡುವುದು ಐಬುಪ್ರೊಫೆನ್ 400 ಮತ್ತು ಪ್ಯಾರಾಸಿಟಮಾಲ್, ಊಟದ ಮೇಲೆ, ಮೂರು ದಿನ. ಕಿಡ್ನಿ ತೊಂದರೆ, ಹೊಟ್ಟೆಹುಣ್ಣು, ಆಸ್ತಮಾ ಇದ್ದವರಿಗೆ ಐಬುಪ್ರೊಫೆನ್ ಇಲ್ಲ. ಮೊದಲ ದಿನ ಬಟ್ಟೆಯಲ್ಲಿ ಸುತ್ತಿದ ಐಸು, ಹತ್ತು ನಿಮಿಷ ಇಟ್ಟು ಹತ್ತು ನಿಮಿಷ ಬಿಡುತ್ತ. ಊತ ಎರಡು ಮೂರನೇ ದಿನ ಹೆಚ್ಚಾಗಿ ಆಮೇಲೆ ಇಳಿಯುತ್ತದೆ.

ಊಟಕ್ಕೆ ಆ ದಿನ ತಣ್ಣಗಿನ ರಾಗಿ ಅಂಬಲಿ, ಮಜ್ಜಿಗೆಯಲ್ಲಿ ಕಿವುಚಿದ ಅನ್ನ. ಮರುದಿನದಿಂದ ಮುದ್ದೆ. ಅಗಿಯದೆ ನುಂಗುವ ಊಟ ಇದಕ್ಕಿಂತ ಒಳ್ಳೆಯದಿಲ್ಲ, ಬಿಸಿ ಆರಿರಬೇಕು, ಸಾರು ಖಾರವಿರಬಾರದು. ಕಡ್ಲೆಪುರಿ, ಕೊಬ್ಬರಿ ಚೂರು, ಎಳ್ಳು ಎರಡು ವಾರ ಬೇಡ. ಎರಡನೇ ದಿನದಿಂದ ಒಂದು ಲೋಟ ಬೆಚ್ಚನೆಯ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಊಟವಾದ ಮೇಲೆಲ್ಲ ಬಾಯಲ್ಲಿಟ್ಟುಕೊಂಡು ತಲೆ ಅತ್ತಿತ್ತ ವಾಲಿಸಿ, ಹಾಗೇ ಸುರಿದುಬಿಡಬೇಕು.

ನೋವು ದಿನೇ ದಿನೇ ಕಡಿಮೆಯಾಗಬೇಕು. ಮೂರನೇ ದಿನ ಕಡಿಮೆಯಿದ್ದದ್ದು ನಾಲ್ಕನೇ ದಿನ ಕಿವಿಯವರೆಗೆ ಸಿಡಿಯತೊಡಗಿ, ಬಾಯಿ ವಾಸನೆ ಬಂದರೆ ಹೆಪ್ಪು ಹೋಗಿ ಮೂಳೆ ಬರಿದಾಗಿದೆ. ಇದು ಸೋಂಕಲ್ಲ, ಆಂಟಿಬಯಾಟಿಕ್ ಅಂಗಡಿಯಿಂದ ತಂದು ನುಂಗಿ ಫಲವಿಲ್ಲ. ಸಲೈನಿನಲ್ಲಿ ತೊಳೆದು ಲವಂಗದ ಯುಜಿನಾಲ್ ಇರುವ ಡ್ರೆಸಿಂಗ್ ಇಟ್ಟರೆ ಅರ್ಧ ಗಂಟೆಯೊಳಗೆ ನೋವು ಬಹಳ ಇಳಿಯುತ್ತದೆ. ಎರಡು ದಿನಕ್ಕೊಮ್ಮೆ ಬದಲಾಯಿಸಬೇಕಾಗಬಹುದು. ತುಟಿಯ ಜೋಮು ಮರುದಿನವೂ ಇದ್ದರೆ ತಿಳಿಸಬೇಕು. ಗಲ್ಲದ ಕೆಳಗೆ ಗಟ್ಟಿ ಊತ ಬಂದು, ನಾಲಿಗೆ ಮೇಲೆದ್ದು, ಜೊಲ್ಲು ನುಂಗಲಾಗದಿದ್ದರೆ ರಾತ್ರಿಯೆಂದು ಕಾಯಬಾರದು, ನೇರ ಜಿಲ್ಲಾಸ್ಪತ್ರೆಗೆ ಹೋಗಬೇಕು. ಉಸಿರಾಟಕ್ಕೇ ತಡೆಯಾಗುವ ಸ್ಥಿತಿ ಅದು.

ಹೊಲಿಗೆ ಬಿಚ್ಚುವ ದಿನ ಒಂದು ಬಾಗಿದ ತುದಿಯ ಸಿರಿಂಜು ಕೊಟ್ಟು ಕಳಿಸುತ್ತೇನೆ. ಗುಳಿಯ ಮೇಲೆ ವಸಡು ಕೂಡಿಕೊಳ್ಳಲು ಮೂರು ನಾಲ್ಕು ವಾರ ಬೇಕು, ಅಲ್ಲಿಯವರೆಗೆ ಅನ್ನ ಸೇರುತ್ತಲೇ ಇರುತ್ತದೆ. ಬೆಂಕಿಕಡ್ಡಿ, ಪಿನ್ನು ಹಾಕಿ ಕೆದಕಬೇಡಿ; ಉಪ್ಪುನೀರು ತುಂಬಿ, ತುದಿಯನ್ನು ಗುಳಿಯ ಬಾಯಲ್ಲಿಟ್ಟು ಮೆಲ್ಲಗೆ ಒತ್ತಿ, ಬರುವ ನೀರು ತಿಳಿಯಾಗುವವರೆಗೆ.