ಪಾರ್ಕಿನಲ್ಲಿ ಬಿದ್ದರೆ ಯಾರು ಹೊಣೆ? ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬಂದವರಿಗೆ

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾಗೆ ಬಂದ ಮೊದಲ ತಿಂಗಳಲ್ಲೇ ಯಾರಾದರೊಬ್ಬರು ನಿಮ್ಮನ್ನು ಫ್ರೀಮಾಂಟಿನ ಮಿಷನ್ ಪೀಕ್ ಗುಡ್ಡ ಹತ್ತಿಸುತ್ತಾರೆ. ಖಂಡಿತ ಹೋಗಿ. 2,517 ಅಡಿ ಎತ್ತರದಿಂದ ಕೆಳಗಿನ ಕೊಲ್ಲಿ, ಊರು ಎಲ್ಲ ಹರಡಿಕೊಂಡು ಕಾಣುತ್ತವೆ. ಆಮೇಲೆ ಊರಿನಿಂದ ಅಪ್ಪ ಅಮ್ಮ ಬಂದಾಗ ಅವರನ್ನೂ ಇಂಥ ಜಾಗಗಳಿಗೆ ಕರೆದುಕೊಂಡು ಹೋಗುತ್ತೀರಿ. ಅದಕ್ಕೆ ಮುಂಚೆ ಒಂದು ವಿಷಯ ತಿಳಿದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ನನಗೆ ಇದು ತಿಳಿದದ್ದು ಅಮ್ಮನ ಕಾಲು ಮುರಿದ ಮೇಲೆ.

ಆಗ ಆಗಸ್ಟ್. ಇಲ್ಲಿ ಬೇಸಿಗೆಯಲ್ಲಿ ಮಳೆ ಇರುವುದಿಲ್ಲ, ಗುಡ್ಡದ ಹುಲ್ಲೆಲ್ಲ ಒಣಗಿರುತ್ತದೆ. ಕಾಲುದಾರಿಯ ಮಣ್ಣು ಕಲ್ಲಿನ ಹಾಗೆ ಗಟ್ಟಿ, ಅದರ ಮೇಲೆ ಸಣ್ಣ ಸಣ್ಣ ಹರಳು. ಸಿಮೆಂಟ್ ನೆಲದ ಮೇಲೆ ಹೆಸರುಕಾಳು ಚೆಲ್ಲಿದರೆ ಹೇಗಿರುತ್ತದೆ, ಹಾಗೆ. ಹತ್ತುವಾಗ ಏನೂ ಆಗಲಿಲ್ಲ. ಇಳಿಯುವಾಗ ಅಮ್ಮನ ಬಲಗಾಲು ಜಾರಿತು. ಹಾಕಿದ್ದ ಕ್ಯಾನ್ವಾಸ್ ಶೂ ಅಡಿ ಸವೆದು ನುಣ್ಣಗಾಗಿತ್ತು. ಕೂತಲ್ಲಿಂದಲೇ "ಏನಿಲ್ಲ ಕಣೋ, ಉಳುಕಿದೆ ಅಷ್ಟೇ" ಅಂದರು. ಎಕ್ಸ್‌ರೇ ತೆಗೆದರೆ ಪಾದದ ಗಂಟಿನ ಹತ್ತಿರ ಮೂಳೆ ಮುರಿದಿತ್ತು.

ಆ ವಾರ ನೋಡಲು ಬಂದವರದೆಲ್ಲ ಒಂದೇ ಮಾತು: "ಅಮೆರಿಕ ಅಲ್ವಾ, ಕೇಸ್ ಹಾಕಿ, ದುಡ್ಡು ಬರುತ್ತೆ." ವಕೀಲರೊಬ್ಬರಿಗೆ ಫೋನ್ ಮಾಡಿದೆ. ಅವರು ಕೇಳಿದ ಮೊದಲ ಪ್ರಶ್ನೆ, "ಜಾರಿದ್ದು ಟ್ರೇಲ್ ಮೇಲಾ?" ಟ್ರೇಲ್ ಅಂದರೆ ಕಾಲುದಾರಿ. ಹೌದು ಅಂದೆ. ಹಾಗಾದರೆ ಕಷ್ಟ ಅಂದರು.

ಕಷ್ಟ ಯಾಕೆ ಅಂದರೆ, ಕ್ಯಾಲಿಫೋರ್ನಿಯಾದ ಗವರ್ನಮೆಂಟ್ ಕೋಡ್‌ನಲ್ಲಿ 831.4 ಅನ್ನುವ ಸೆಕ್ಷನ್ ಇದೆ. ನಡೆಯಲು, ಕುದುರೆ ಅಥವಾ ಸೈಕಲ್ ಓಡಿಸಲು ಬಳಸುವ ಟ್ರೇಲ್‌ನ ಸ್ಥಿತಿಯಿಂದ ಪೆಟ್ಟಾದರೆ ಸರ್ಕಾರಿ ಸಂಸ್ಥೆ ಹೊಣೆಯಲ್ಲ. ಮಣ್ಣಿನ ದಾರಿಗೆ ಮಾತ್ರ ಅಂದುಕೊಳ್ಳಬೇಡಿ. ಪೀಡ್‌ಮಾಂಟ್ ನಗರದ ನಾಯಿ ಪಾರ್ಕಿನಲ್ಲಿ ಡಾಂಬರು ಹಾಕಿದ ದಾರಿಯಲ್ಲಿ ಒಬ್ಬರು ಜಾರಿ ಬಿದ್ದಿದ್ದರು. 2006ರಲ್ಲಿ ಮೇಲ್ಮನವಿ ಕೋರ್ಟು ಅದಕ್ಕೂ ಇದೇ ಸೆಕ್ಷನ್ ಹಚ್ಚಿತು. ಹೊಳೆ, ಕೆರೆ, ಬೀಚು, ಗುಡ್ಡಗಳಂಥ ಸಹಜ ಸ್ಥಿತಿಯಲ್ಲಿರುವ ಸರ್ಕಾರಿ ಜಾಗಕ್ಕೆ ಇಂಥದೇ ರಕ್ಷಣೆ ಕೊಡುವ 831.2 ಇದೆ. ಬಂಡೆ ಹತ್ತುವುದು, ಮೌಂಟನ್ ಬೈಕಿಂಗ್, ಕಯಾಕಿಂಗ್‌ನಂಥ ಅಪಾಯದ ಆಟಗಳಿಗೆ 831.7. ಮರಕ್ಕೆ ಹಗ್ಗ ಕಟ್ಟಿ ಜೀಕುವುದೂ ಆ ಪಟ್ಟಿಯಲ್ಲಿದೆ, ಮಕ್ಕಳಿರುವವರು ಗಮನಿಸಿ.

ಖಾಸಗಿ ಜಮೀನಿನ ಕಾನೂನು ಬೇರೆ, 1963ರಿಂದ ಇರುವ ಸಿವಿಲ್ ಕೋಡ್ 846. ದನ ಮೇಯಿಸುವ ರಾಂಚ್‌ನ ಮಾಲೀಕರು ನಿಮ್ಮನ್ನು ಪುಕ್ಕಟೆಯಾಗಿ ಓಡಾಡಲು ಬಿಟ್ಟರೆ, ಅಲ್ಲಿ ಬಿದ್ದ ಪೆಟ್ಟಿಗೆ ಸಾಮಾನ್ಯವಾಗಿ ಅವರು ಜವಾಬ್ದಾರರಲ್ಲ. ದುಡ್ಡು ತೆಗೆದುಕೊಂಡಿದ್ದರೆ, ತಾವಾಗಿಯೇ ನಿಮ್ಮನ್ನು ಕರೆದಿದ್ದರೆ, ಅಥವಾ ಅಪಾಯ ಗೊತ್ತಿದ್ದೂ ಬೇಕೆಂದೇ ಎಚ್ಚರಿಸದೆ ಬಿಟ್ಟಿದ್ದರೆ ಈ ರಕ್ಷಣೆ ಸಿಗುವುದಿಲ್ಲ. (ನೀವು ಮನೆ ಕೊಂಡ ಮೇಲೆ ಇದನ್ನೇ ತಿರುಗಿಸಿ ಓದಿ. ಗಣೇಶ ಹಬ್ಬಕ್ಕೆ ನೀವೇ ಕರೆದವರು ಹಿತ್ತಲಲ್ಲಿ ಬಿದ್ದರೆ 846 ನಿಮ್ಮ ನೆರವಿಗೆ ಬರುವುದಿಲ್ಲ. ಮನೆ ಇನ್ಶೂರೆನ್ಸ್ ಚೆನ್ನಾಗಿರಲಿ.)

ಇದನ್ನೆಲ್ಲ ಕೇಳಿ ನನಗೆ ಮೊದಲು ಸಿಟ್ಟೇ ಬಂತು. ಅಮ್ಮ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದರು, ಬಿಲ್ಲುಗಳು ಬರುತ್ತಿದ್ದವು. ನಿಧಾನವಾಗಿ ಯೋಚಿಸಿದಾಗ ಅರ್ಥವಾಯಿತು. ಜಾರಿದ ಪ್ರತಿಯೊಬ್ಬರಿಗೂ ಪರಿಹಾರ ಕೊಡಬೇಕಾದರೆ ಪಾರ್ಕಿನವರು ಗೇಟಿಗೆ ಬೀಗ ಜಡಿಯುತ್ತಾರೆ. ಇಷ್ಟು ಗುಡ್ಡ, ಇಷ್ಟು ಕಡಲತೀರ ನಮ್ಮಂಥ ಹೊರಗಿನಿಂದ ಬಂದವರಿಗೂ ತೆರೆದಿರುವುದಕ್ಕೆ ಈ ಕಾನೂನೂ ಒಂದು ಕಾರಣ. ನನಗೆ ಈಗ ಇದು ಸರಿ ಅನ್ನಿಸುತ್ತದೆ. ಆದರೆ ಬರುವಾಗಲೇ ಯಾರಾದರೂ ಹೇಳಬೇಕಿತ್ತು.

ಹಾಗಂತ ಎಲ್ಲ ಪೆಟ್ಟಿಗೂ ಕೈಚೆಲ್ಲಬೇಕಿಲ್ಲ. ಸ್ಯಾನ್ ಡಿಯಾಗೋದ ಮಿಷನ್ ಬೇ ಪಾರ್ಕಿನಲ್ಲಿ ನೀಲಗಿರಿ ಮರದ ಕೊಂಬೆ ಮುರಿದು ಒಬ್ಬ ಮಹಿಳೆಯ ಮೇಲೆ ಬಿತ್ತು. ಇದು ಮರದ ಸಮಸ್ಯೆ, ಟ್ರೇಲ್‌ನದಲ್ಲ, ಹಾಗಾಗಿ 831.4 ಅಡ್ಡ ಬರುವುದಿಲ್ಲ ಅಂತ 2017ರಲ್ಲಿ ಮೇಲ್ಮನವಿ ಕೋರ್ಟು ಹೇಳಿತು. ಪಿಕ್ನಿಕ್ ಜಾಗದ ಮುರಿದ ಬೆಂಚು, ಪಾರ್ಕಿಂಗ್ ಲಾಟಿನ ಗುಂಡಿ, ಇವೆಲ್ಲ ಬೇರೆ ಲೆಕ್ಕ. ಆದ್ದರಿಂದ ಬಿದ್ದದ್ದು ಎಲ್ಲಿ, ಯಾವುದರಿಂದ ಅನ್ನುವುದು ತುಂಬಾ ಮುಖ್ಯ. ಜೀವಕ್ಕೆ ಅಪಾಯವಿದ್ದರೆ ಮೊದಲು ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿ. ಆಮೇಲೆ ಆ ಜಾಗದ ಫೋಟೋ ತೆಗೆಯಿರಿ, ಹತ್ತಿರದಿಂದಲೂ ದೂರದಿಂದಲೂ. ರೇಂಜರ್ (ಪಾರ್ಕ್ ನೋಡಿಕೊಳ್ಳುವ ಸಿಬ್ಬಂದಿ) ಸಿಕ್ಕರೆ ಘಟನೆಯ ವರದಿ ಬರೆಸಿ. ಟ್ರೇಲ್ ಶುರುವಾಗುವಲ್ಲಿರುವ ಬೋರ್ಡಿನ ಫೋಟೋ ಮರೆಯಬೇಡಿ. ಜಾಗ ನಗರದ್ದೋ, ಕೌಂಟಿಯದೋ (ನಮ್ಮ ಜಿಲ್ಲೆಯ ಹಾಗೆ), ಪಾರ್ಕ್ ಡಿಸ್ಟ್ರಿಕ್ಟಿನದೋ, ರಾಜ್ಯದ್ದೋ, ಫೆಡರಲ್ ಅಂದರೆ ಕೇಂದ್ರ ಸರ್ಕಾರದ್ದೋ ಅಂತ ಅದರಲ್ಲಿರುತ್ತದೆ.

ಅದು ಯಾಕೆ ಬೇಕು ಅಂದರೆ ಗಡುವಿಗೆ. ಖಾಸಗಿಯವರ ಮೇಲೆ ದಾವೆ ಹೂಡಲು ಎರಡು ವರ್ಷ ಇದೆ. ನಗರ, ಕೌಂಟಿ, ರಾಜ್ಯದಂಥ ಸರ್ಕಾರಿ ಸಂಸ್ಥೆಯಾದರೆ ದಾವೆಗೆ ಮುಂಚೆ ಅವರಿಗೇ ಲಿಖಿತ ಕ್ಲೇಮ್ ಕೊಡಬೇಕು, ಅದೂ ಆರು ತಿಂಗಳೊಳಗೆ. ಅಪ್ಪ ಅಮ್ಮನಿಗೆ ವಿಸಿಟರ್ ಆಗಿ ಸಾಮಾನ್ಯವಾಗಿ ಸಿಗುವುದೂ ಆರು ತಿಂಗಳೇ ಅಲ್ವಾ? ಅವರನ್ನು ವಿಮಾನ ಹತ್ತಿಸಿ ಬಂದು ಕಾಗದ ಪತ್ರ ನೋಡೋಣ ಅಂದುಕೊಂಡರೆ ಗಡುವು ಮುಗಿದೇಹೋಗಿರುತ್ತದೆ. ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಂಥ ಫೆಡರಲ್ ಜಾಗಕ್ಕೆ ಕ್ಲೇಮ್ ಕೊಡಲು ಎರಡು ವರ್ಷ, ಅದಕ್ಕೆ ಫಾರ್ಮ್ 95 ತುಂಬಬೇಕು. ಆದರೆ ಅಲ್ಲೂ ಫೆಡರಲ್ ಸರ್ಕಾರವನ್ನು ಖಾಸಗಿ ಮಾಲೀಕರ ಹಾಗೆ ನೋಡುತ್ತಾರೆ, ಅದೇ 846 ಎದುರಿಗೆ ಬರಬಹುದು. ಅಲ್ಲಿನ ಮಿಸ್ಟ್ ಟ್ರೇಲ್‌ನಲ್ಲಿ ವರ್ನಲ್ ಫಾಲ್‌ ತುದಿಗೆ 600ಕ್ಕೂ ಜಾಸ್ತಿ ಕಲ್ಲಿನ ಮೆಟ್ಟಿಲಿವೆ, ವಸಂತದಲ್ಲಿ ಜಲಪಾತದ ಸಿಂಚನಕ್ಕೆ ಪೂರ್ತಿ ಒದ್ದೆ. ಮೇಲಿನ ಕಟಾಂಜನ ದಾಟಿ ನೀರಿಗಿಳಿದು ಕೊಚ್ಚಿಹೋಗಿ ಸತ್ತವರಿದ್ದಾರೆ. ಅಲ್ಲಿನ ಬೋರ್ಡನ್ನು ಅಪ್ಪ ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿ, ಸುಮ್ನೆ ದಾಟಿ ಹೋಗಬೇಡಿ.

ಇಷ್ಟಾದರೂ ಆಸ್ಪತ್ರೆ ಬಿಲ್ಲಿಗೆ ಆಸರೆ ಇನ್ಶೂರೆನ್ಸೇ. ಅಪ್ಪ ಅಮ್ಮನಿಗೆ ವಿಸಿಟರ್ ಇನ್ಶೂರೆನ್ಸ್ ತೆಗೆಯುವಾಗ ಕಡಿಮೆ ಬೆಲೆ ಅಂತ ಫಿಕ್ಸೆಡ್ ಬೆನಿಫಿಟ್ ಪ್ಲಾನ್‌ಗೆ ಹೋಗಬೇಡಿ. ನಾನು ತೆಗೆದದ್ದು ಅದನ್ನೇ. ಎಕ್ಸ್‌ರೇಗೆ ಇಷ್ಟು, ಎಮರ್ಜೆನ್ಸಿಗೆ ಇಷ್ಟು ಅಂತ ನಿಗದಿಯಾದ ಮೊತ್ತ ಕೊಟ್ಟು ಅವರು ಕೈತೊಳೆದುಕೊಂಡರು, ಉಳಿದದ್ದು ನನ್ನ ತಲೆಗೆ ಬಂತು. ಕಾಂಪ್ರೆಹೆನ್ಸಿವ್ ಪ್ಲಾನ್‌ಗೆ ಪ್ರೀಮಿಯಂ ಜಾಸ್ತಿ, ಆದರೆ ಡಿಡಕ್ಟಿಬಲ್ (ಮೊದಲು ನಾವೇ ಕಟ್ಟಬೇಕಾದ ಮೊತ್ತ) ಕಳೆದ ಮೇಲೆ ಬಿಲ್ಲಿನ ಬಹುಪಾಲು ಅವರೇ ಕಟ್ಟುತ್ತಾರೆ.

ನಾನು ವಕೀಲನಲ್ಲ. ನಿಮಗೇ ಇಂಥದ್ದು ಆದರೆ ಆ ವಾರವೇ ವಕೀಲರನ್ನು ಕೇಳಿ, ಮೊದಲ ಮಾತುಕತೆಗೆ ಬಹಳ ಕಡೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಅಮ್ಮ ಎರಡು ವರ್ಷ ಬಿಟ್ಟು ಮತ್ತೆ ಬಂದರು. ಏರ್‌ಪೋರ್ಟಿನಿಂದ ಬಂದ ಮರುದಿನವೇ ಅಂಗಡಿಗೆ ಕರೆದುಕೊಂಡು ಹೋಗಿ ಹಲ್ಲು ಹಲ್ಲಾದ ಅಡಿಯ ಶೂ, ಎರಡು ಊರುಗೋಲು ಕೊಡಿಸಿದೆ. "ಇಷ್ಟು ದುಡ್ಡಾ ಇದಕ್ಕೆ" ಅಂತ ಬೈದುಕೊಂಡೇ ಹಾಕಿಕೊಂಡರು. ಅದೇ ದಾರಿಗೆ ಹೋದೆವು. ಇಳಿಜಾರು ಬಂದಲ್ಲಿ ನಾನು ಎರಡು ಹೆಜ್ಜೆ ಮುಂದೆ ಅಡ್ಡಡ್ಡವಾಗಿ ಇಳಿದೆ, ಅವರು ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ನನ್ನ ಹೆಗಲ ಮೇಲೆ.